ಕಾರ್ಬನ್ ಕ್ರೆಡಿಟ್: ಕೊಳ್ಳುವವರೂ ಕೊಡುವವರೂ ಗಮನಿಸಬೇಕಾದ ಅಂಶಗಳು

(ಬೆಂಗಳೂರು ದಕ್ಷಿಣದ ಪುಟ್ಟೇನಹಳ್ಳಿಯಲ್ಲಿ ನಿವಾಸಿಗಳು ಮತ್ತು ರೈತರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಇಲ್ಲಿ ಎರಡು ಬಗೆಯ ಜನ ಸೇರಿದ್ದೀರಿ. ಒಂದು ಕಡೆ ಪುಟ್ಟೇನಹಳ್ಳಿ ಮತ್ತು ಜೆ.ಪಿ. ನಗರದ ನಿವಾಸಿಗಳು. ನಾವು ಓಡಿಸುವ ಕಾರು, ಉರಿಸುವ ವಿದ್ಯುತ್ತು, ಮಾಡುವ ವಿಮಾನ ಪ್ರಯಾಣ ಇವುಗಳಿಂದ ಗಾಳಿಗೆ ಸೇರುವ ಇಂಗಾಲಕ್ಕೆ ಪರಿಹಾರವಾಗಿ ಎಲ್ಲಾದರೂ ಹಣ ಕೊಡಬೇಕೆಂದಿದ್ದೇವೆ, ಯಾರಿಗೆ ಕೊಟ್ಟರೆ ಅದು ನಿಜವಾಗಿ ಸಲ್ಲುತ್ತದೆ ಎಂದು ಕೇಳುತ್ತಿದ್ದೀರಿ. ಇನ್ನೊಂದು ಕಡೆ ಆನೇಕಲ್, ಕನಕಪುರ ಕಡೆಯಿಂದ ಬಂದ ರೈತರಿದ್ದೀರಿ. ನಿಮ್ಮ ಬಳಿಗೆ ಏಜೆಂಟರು ಬಂದು, ಮರ ಬೆಳೆಸಿ, ಉಳುಮೆ ಕಡಿಮೆ ಮಾಡಿ, ಕಾರ್ಬನ್ ಹಣ ಕೊಡಿಸುತ್ತೇವೆ, ಈ ಕಾಗದಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಕೊಳ್ಳುವವರ ಪ್ರಶ್ನೆಗೂ ಕೊಡುವವರ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಅದನ್ನು ನಮ್ಮದೇ ಜಿಲ್ಲೆಗಳ ಎರಡು ಉದಾಹರಣೆಗಳಿಂದ ತಿಳಿಸಬಯಸುತ್ತೇನೆ.

ಕಾರ್ಬನ್ ಕ್ರೆಡಿಟ್ ಎಂದರೇನು?

ಒಂದು ಕ್ರೆಡಿಟ್ ಎಂದರೆ ಒಂದು ಟನ್, ಅಂದರೆ 1,000 ಕಿಲೋ ಇಂಗಾಲದ ಡೈಆಕ್ಸೈಡ್. ಅಷ್ಟು ಅನಿಲ ಗಾಳಿಗೆ ಸೇರದಂತೆ ಯಾರೋ ಒಬ್ಬರು ತಡೆದಿದ್ದಾರೆ, ಅಥವಾ ಗಾಳಿಯಿಂದ ಹೀರಿ ಮರದಲ್ಲೋ ಮಣ್ಣಿನಲ್ಲೋ ಕೂಡಿಟ್ಟಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ ಪತ್ರ. ಅದನ್ನು ಕೊಂಡವರು ತಮ್ಮ ಹೊಗೆಯ ಲೆಕ್ಕದಲ್ಲಿ ಒಂದು ಟನ್ ವಜಾ ಮಾಡಿಕೊಳ್ಳುತ್ತಾರೆ.

ಈ ಒಂದು ಟನ್ ಎಷ್ಟು ದೊಡ್ಡದು ಎಂಬುದನ್ನು ಮೊದಲು ತಿಳಿಯಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಒಂದು ಅಡುಗೆ ಅನಿಲದ ಸಿಲಿಂಡರ್ ಮುಗಿದರೆ ಸುಮಾರು 42 ಕಿಲೋ, ನಮ್ಮ ದೇಶದ ಜಾಲದಿಂದ ಬರುವ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ತಿಂಗಳಿಗೆ 200 ಯೂನಿಟ್ ವಿದ್ಯುತ್ತು, 30 ಲೀಟರ್ ಪೆಟ್ರೋಲ್, ವರ್ಷಕ್ಕೆ 9 ಸಿಲಿಂಡರ್ ಬಳಸುವ ಒಂದು ಮನೆಯ ಲೆಕ್ಕ ವರ್ಷಕ್ಕೆ ಸುಮಾರು 2,900 ಕಿಲೋ ಆಗುತ್ತದೆ. ಊಟ, ಬಟ್ಟೆ, ಮನೆ ಕಟ್ಟಿದ ಸಿಮೆಂಟು ಇವು ಈ ಲೆಕ್ಕದಲ್ಲಿ ಸೇರಿಲ್ಲ. ಲಂಡನ್ನಿಗೆ ಒಮ್ಮೆ ವಿಮಾನದಲ್ಲಿ ಹೋಗಿ ಬಂದರೆ ಒಬ್ಬರಿಗೇ ಇನ್ನೂ ಒಂದು ಟನ್ನಿಗಿಂತ ಹೆಚ್ಚು ಸೇರುತ್ತದೆ.

ಇನ್ನು ಮರದ ಕಡೆಯ ಲೆಕ್ಕ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲವಿರುತ್ತದೆ. ಒಂದು ಕಿಲೋ ಇಂಗಾಲ ಸುಮಾರು 3.67 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆದ್ದರಿಂದ ಒಂದು ಟನ್ ಅನಿಲ ಹೀರಬೇಕಾದರೆ ಸುಮಾರು 545 ಕಿಲೋ ಒಣ ಮರ ಬೆಳೆಯಬೇಕು. ಬೇರು, ಕಾಂಡ, ಕೊಂಬೆ ಎಲ್ಲ ಸೇರಿಸಿದರೂ ಒಂದು ಸಸಿ ಈ ತೂಕಕ್ಕೆ ಬರಲು ಎಷ್ಟು ವರ್ಷ ಬೇಕೆಂಬುದನ್ನು ತೋಟ ಮಾಡಿದವರಿಗೆ ಹೇಳಬೇಕಾಗಿಲ್ಲ. ನೆಟ್ಟ ದಿನ ಸಸಿಯಲ್ಲಿ ಇರುವ ಇಂಗಾಲ ಒಂದು ಹಿಡಿಯಷ್ಟೂ ಅಲ್ಲ.

ಗುಡಿಬಂಡೆಯ ಮಾವಿನ ಸಸಿಗಳು

ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ಪ್ರಸಿದ್ಧ ಗಾಯಕ ತಂಡ 2002ರಲ್ಲಿ ಒಂದು ಹಾಡಿನ ಮುದ್ರಿಕೆಯನ್ನು ಹೊರತಂದಿತು. ಅದನ್ನು ತಯಾರಿಸಿ ಹಂಚುವುದರಿಂದ ಆಗುವ ಹೊಗೆಗೆ ಪರಿಹಾರವಾಗಿ 10,000 ಮಾವಿನ ಸಸಿ ನೆಡಿಸುವುದೆಂದು ಗೊತ್ತಾಯಿತು. ಆ ಕೆಲಸ ವಹಿಸಿಕೊಂಡದ್ದು ಫ್ಯೂಚರ್ ಫಾರೆಸ್ಟ್ಸ್ ಎಂಬ ಬ್ರಿಟಿಷ್ ಕಂಪನಿ. ಸಸಿ ನೆಡಲು ಆರಿಸಿದ್ದು ನಮ್ಮ ಗುಡಿಬಂಡೆ ಸೀಮೆ. ಆಗ ಅದು ಕೋಲಾರ ಜಿಲ್ಲೆಯಲ್ಲಿತ್ತು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಸಸಿ ಹಂಚುವ ಹೊಣೆಯನ್ನು ಬೆಂಗಳೂರಿನ ಒಂದು ಸಂಸ್ಥೆಗೆ ವಹಿಸಲಾಯಿತು.

ನಾಲ್ಕು ವರ್ಷದ ನಂತರ, 2006ರಲ್ಲಿ, ಲಂಡನ್ನಿನ ಸಂಡೇ ಟೆಲಿಗ್ರಾಫ್ ಪತ್ರಿಕೆಯವರು ಆ ಹಳ್ಳಿಗಳಿಗೆ ಬಂದು ನೋಡಿ ವರದಿ ಮಾಡಿದರು. ಸುಮಾರು 8,000 ಸಸಿ ಹಂಚಿಕೆಯಾಗಿತ್ತು, ಅವುಗಳಲ್ಲಿ ಸುಮಾರು ಶೇಕಡ 40 ಸತ್ತಿದ್ದವು. ಸಸಿ ಸಿಕ್ಕಿತು, ನೀರಿಗಾಗಲಿ ಔಷಧ ಸಿಂಪಡಣೆಗಾಗಲಿ ನೆರವು ಸಿಗಲಿಲ್ಲ ಎಂದು ರೈತರು ಹೇಳಿದರು. ನೀರಿನ ಹೊಣೆ ಯಾರದು ಎಂಬ ವಿಷಯದಲ್ಲಿ ಹಣ ಕೊಟ್ಟ ಕಂಪನಿಯ ಮಾತು ಒಂದಾಯಿತು, ಹಂಚಿದವರ ಮಾತು ಇನ್ನೊಂದಾಯಿತು. ದೂರದ ಊರಿನಲ್ಲಿ ಮುದ್ರಿಕೆ ಕೊಂಡವರು ಮಾತ್ರ ತಮ್ಮ ಲೆಕ್ಕ ತೀರಿತೆಂದು ನಂಬಿದ್ದರು.

ಇದರಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಬೇಸಾಯದ ದೃಷ್ಟಿಯಿಂದ ಲೆಕ್ಕ ಹಾಕಿ ನೋಡೋಣ. ಮಾವನ್ನು 10 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ 40 ಸಸಿ ಹಿಡಿಯುತ್ತದೆ. 10,000 ಸಸಿಗೆ 250 ಎಕರೆ ಬೇಕು. ಆ ಸೀಮೆ ಖುಷ್ಕಿ ಭೂಮಿ, ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಮೊದಲ ಎರಡು ಮೂರು ಬೇಸಿಗೆಯಲ್ಲಿ ಸಸಿಯೊಂದಕ್ಕೆ ವಾರಕ್ಕೆ 20 ಲೀಟರ್ ಎಂದರೂ 10,000 ಸಸಿಗೆ ವಾರಕ್ಕೆ 2 ಲಕ್ಷ ಲೀಟರ್ ನೀರು ಬೇಕು. 5,000 ಲೀಟರಿನ ಟ್ಯಾಂಕರ್ ಆದರೆ ವಾರಕ್ಕೆ 40 ಟ್ಯಾಂಕರ್. ಇದರ ಮೇಲೆ ಕುರಿ ಮೇಕೆಗಳಿಂದ ರಕ್ಷಣೆಗೆ ಮುಳ್ಳುಬೇಲಿ, ಪಾತಿ ಮಾಡುವ ಕೂಲಿ, ಸತ್ತ ಸಸಿಗೆ ಬದಲಿ ಸಸಿ. ಸಸಿಯ ಬೆಲೆ ಈ ಖರ್ಚಿನಲ್ಲಿ ಚಿಕ್ಕ ಭಾಗ ಮಾತ್ರ. ಯೋಜನೆಯ ಹಣ ಸಸಿಯ ಹಂತದಲ್ಲೇ ನಿಂತು, ಉಳಿದ ಭಾರವನ್ನು ಹೊರಲಾರದ ಬಡ ರೈತನ ಮೇಲೆ ಬಿದ್ದರೆ, ಸಸಿ ಒಣಗುವುದು ಖಂಡಿತ. ಅದರ ಜೊತೆಗೆ ಕೊಂಡವರ ಕ್ರೆಡಿಟ್ಟೂ ಒಣಗುತ್ತದೆ.

ಬಾಗೇಪಲ್ಲಿಯ ಗೋಬರ್ ಗ್ಯಾಸ್

ಗುಡಿಬಂಡೆಯ ನೆರೆಯ ತಾಲ್ಲೂಕು ಬಾಗೇಪಲ್ಲಿ. ಮಳೆ, ಮಣ್ಣು, ಬಡತನ ಎಲ್ಲ ಒಂದೇ ಬಗೆ. ಅಲ್ಲಿ 1977ರಿಂದ ಅಡಾಟ್ಸ್ ಎಂಬ ಸಂಸ್ಥೆ ಕೆಲಸ ಮಾಡುತ್ತ ಬಂದಿದೆ. ಅದರ ನೆರವಿನಿಂದ ಕೂಲಿಕಾರರು ಮತ್ತು ಸಣ್ಣ ರೈತರು ಸೇರಿ ಕೂಲಿ ಸಂಘ ಕಟ್ಟಿಕೊಂಡಿದ್ದಾರೆ. ಆ ಸಂಘದ ಮನೆಗಳಿಗಾಗಿ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆಯೊಂದು ರೂಪುಗೊಂಡು, 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. 1997ರ ಕ್ಯೋಟೋ ಒಪ್ಪಂದದಂತೆ ಏರ್ಪಟ್ಟ ಈ ವ್ಯವಸ್ಥೆಯಲ್ಲಿ ಶ್ರೀಮಂತ ದೇಶಗಳು ನಮ್ಮಂಥ ದೇಶಗಳಿಂದ ಕ್ರೆಡಿಟ್ ಕೊಳ್ಳಬಹುದಾಗಿತ್ತು.

ಪ್ರತಿ ಘಟಕ 2 ಘನ ಮೀಟರ್ ಸಾಮರ್ಥ್ಯದ್ದು. ಇದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಹೊರಬರುವ ಬಗ್ಗಡ ಹೊಲಕ್ಕೆ ಉತ್ತಮ ಗೊಬ್ಬರ. ಮನೆಯ ಹೆಣ್ಣುಮಕ್ಕಳಿಗೆ ಸೌದೆ ಹೊರುವುದೂ ಹೊಗೆ ಕುಡಿಯುವುದೂ ತಪ್ಪುತ್ತದೆ. ಸೌದೆ ಮತ್ತು ಸೀಮೆಎಣ್ಣೆ ಉಳಿಯುವುದರಿಂದ ಎಲ್ಲ ಘಟಕಗಳಿಂದ ವರ್ಷಕ್ಕೆ ಸುಮಾರು 19,500 ಟನ್, ಅಂದರೆ ಮನೆಯೊಂದಕ್ಕೆ ಸುಮಾರು ಮೂರೂವರೆ ಟನ್ ಉಳಿತಾಯವೆಂದು ಅಂದಾಜು ಮಾಡಲಾಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ನಾವು ಹಾಕಿದ ಲೆಕ್ಕವನ್ನು ನೆನಪಿಸಿಕೊಳ್ಳಿ. ಪುಟ್ಟೇನಹಳ್ಳಿಯ ಒಂದು ಮನೆಯ ವರ್ಷದ ಇಂಗಾಲ ಮತ್ತು ಬಾಗೇಪಲ್ಲಿಯ ಒಂದು ಒಲೆಯ ವರ್ಷದ ಉಳಿತಾಯ ಹೆಚ್ಚು ಕಡಿಮೆ ಒಂದೇ ಅಳತೆಗೆ ಬರುತ್ತವೆ.

ಈ ಯೋಜನೆಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಘಟಕ ಕಟ್ಟುವ ಹಣವನ್ನು ಮುಂದೆ ಬರುವ ಕ್ರೆಡಿಟ್ಟುಗಳ ಮೇಲೆ ಮುಂಗಡವಾಗಿ ಪಡೆಯಲಾಯಿತು. ಕೊಳ್ಳುವವರ ಹಣವಿಲ್ಲದೆ ಆ ಬಡ ಮನೆಗಳಲ್ಲಿ ಇಟ್ಟಿಗೆ ಸಿಮೆಂಟಿನ ಗುಮ್ಮಟ ಏಳುತ್ತಿರಲಿಲ್ಲ. ಎರಡನೆಯದಾಗಿ, ಘಟಕ ಕಟ್ಟಿದ ದಿನವೇ ಕ್ರೆಡಿಟ್ ಹುಟ್ಟುವುದಿಲ್ಲ. ಒಲೆ ಉರಿದ ದಿನಗಳ ಲೆಕ್ಕ ಇಟ್ಟು, ಹೊರಗಿನ ತಪಾಸಣೆಗಾರರು ಬಂದು ನೋಡಿದ ಮೇಲೆ ಮಾತ್ರ ಅದು ಸಿಗುತ್ತದೆ. ಕೆಟ್ಟು ನಿಂತ ಘಟಕವನ್ನು ಬೇಗ ರಿಪೇರಿ ಮಾಡುವುದರಲ್ಲಿ ಎಲ್ಲರಿಗೂ ಲಾಭ. ಮೂರನೆಯದಾಗಿ, ಬಳಸುವ ಮನೆಯವರಿಗೂ ದಿನನಿತ್ಯದ ಪ್ರಯೋಜನವಿತ್ತು. ಯಾರೂ ಬಂದು ನೋಡದಿದ್ದರೂ ಒಲೆ ಹಚ್ಚಲು ಅವರಿಗೇ ಕಾರಣವಿತ್ತು. ಒಣಗಿದ ಬೇಸಿಗೆಯಲ್ಲಿ ಇನ್ನು ಆರು ವರ್ಷಕ್ಕೆ ಫಲ ಕೊಡುವ ಸಸಿಗೆ ಕೊಡದ ನೀರನ್ನು, ಈ ಸಂಜೆಯ ಅಡುಗೆಗೆ ಯಾವ ತಾಯಿಯೂ ಹೇಗಾದರೂ ಹೊಂದಿಸುತ್ತಾಳೆ.

ಹಾಗೆಂದು ಒಲೆಯ ಕ್ರೆಡಿಟ್ಟೆಲ್ಲ ಒಳ್ಳೆಯದು, ಮರದ ಕ್ರೆಡಿಟ್ಟೆಲ್ಲ ಕೆಟ್ಟದ್ದು ಎಂದು ತಿಳಿಯಬಾರದು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಹಲವು ದೇಶಗಳ ಸುಧಾರಿತ ಒಲೆ ಯೋಜನೆಗಳನ್ನು ಪರಿಶೀಲಿಸಿ, ಅವುಗಳ ಉಳಿತಾಯವನ್ನು ಸರಾಸರಿ ಒಂಬತ್ತು ಪಟ್ಟು ಹೆಚ್ಚಾಗಿ ತೋರಿಸಲಾಗಿದೆ ಎಂದು 2024ರಲ್ಲಿ ಪ್ರಕಟಿಸಿದರು. ಹೊಸ ಒಲೆ ಮೂಲೆಯಲ್ಲಿರುತ್ತದೆ, ಹಳೆಯ ಒಲೆಯೂ ಉರಿಯುತ್ತಿರುತ್ತದೆ. ಕಾಗದದಲ್ಲಿ ಮಾತ್ರ ಸೌದೆ ಪೂರ್ತಿ ಉಳಿದಿರುತ್ತದೆ. ಆದ್ದರಿಂದ ಯೋಜನೆಯ ಹೆಸರು ನೋಡಿ ನಂಬದೆ, ಪ್ರತಿಯೊಂದನ್ನೂ ಪರೀಕ್ಷಿಸಬೇಕು.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ನಮ್ಮ ಹಣ ಬಾರದಿದ್ದರೂ ಈ ಕೆಲಸ ಆಗುತ್ತಿತ್ತೇ? ಆಗುತ್ತಿದ್ದರೆ ನಾವು ಕೊಂಡದ್ದು ಏನೂ ಇಲ್ಲ. ಗಾಳಿ ಮತ್ತು ಸೌರ ವಿದ್ಯುತ್ತು ಒಂದು ಕಾಲಕ್ಕೆ ದುಬಾರಿಯಾಗಿತ್ತು. ಈಗ ಅನೇಕ ಕಡೆ ಅದೇ ಅಗ್ಗವಾಗಿ, ವ್ಯಾಪಾರದ ಲಾಭಕ್ಕಾಗಿಯೇ ಸ್ಥಾಪನೆಯಾಗುತ್ತಿದೆ. ಈ ಕಾರಣದಿಂದಲೇ, ಕ್ರೆಡಿಟ್ಟುಗಳ ಗುಣಮಟ್ಟ ನೋಡುವ ಅಂತರರಾಷ್ಟ್ರೀಯ ಮಂಡಳಿಯೊಂದು 2024ರಲ್ಲಿ ಈ ಬಗೆಯ ವಿದ್ಯುತ್ ಯೋಜನೆಗಳ ಹಳೆಯ ಲೆಕ್ಕದ ವಿಧಾನಗಳಿಗೆ ತನ್ನ ಮುದ್ರೆ ನಿರಾಕರಿಸಿತು. ಅಡುಗೆಯ ವಿಷಯದಲ್ಲೂ ಹಾಗೆಯೇ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಇದೆ. ಹಿಂದಿನ ಸೌದೆಯ ಲೆಕ್ಕವನ್ನೇ ಇಂದಿಗೂ ಹಾಕುತ್ತಿದ್ದಾರೆಯೇ ಎಂದು ವಿಚಾರಿಸಬೇಕು.

2. ಅಳತೆ ಮಾಡಿದವರು ಯಾರು, ಹೇಗೆ? ಎಷ್ಟು ಸಸಿ ನೆಟ್ಟರು ಎಂದು ಕೇಳಬೇಡಿ. ಮೂರನೆಯ ವರ್ಷ, ಹತ್ತನೆಯ ವರ್ಷ ಎಷ್ಟು ಬದುಕಿವೆ ಎಂದು ಕೇಳಿ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಒಣಗಲು ಬಿಟ್ಟರೆ ಮೀಥೇನ್ ಅನಿಲ ಕಡಿಮೆಯಾಗುವುದು ನಿಜ. ಆದರೂ ವೆರಾ ಎಂಬ ನೋಂದಣಿ ಸಂಸ್ಥೆ 2024ರಲ್ಲಿ ಚೀನಾ ದೇಶದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಬೇಕಾಯಿತು. ವಿಧಾನ ಸರಿಯಿದ್ದರೆ ಸಾಲದು, ಅದನ್ನು ಹೊಲದಲ್ಲಿ ಪಾಲಿಸಿದ್ದಕ್ಕೆ ದಾಖಲೆ ಇರಬೇಕು.

3. ಕೂಡಿಟ್ಟ ಇಂಗಾಲ ಎಷ್ಟು ಕಾಲ ಉಳಿಯುತ್ತದೆ? ಉರಿಸಿದ ಪೆಟ್ರೋಲಿನ ಹೊಗೆ ಶತಮಾನಗಳ ಕಾಲ ಗಾಳಿಯಲ್ಲಿರುತ್ತದೆ. ಮರ ಬೆಂಕಿಗೆ, ಬರಕ್ಕೆ, ಕೊಡಲಿಗೆ ತುತ್ತಾಗಬಹುದು. ಮಣ್ಣಿನಲ್ಲಿ ಕೂಡಿದ ಇಂಗಾಲ ಮತ್ತೆ ಆಳವಾಗಿ ಉತ್ತರೆ ಹೊರಹೋಗಬಹುದು. ಒಳ್ಳೆಯ ಯೋಜನೆಯಲ್ಲಿ ಒಂದಷ್ಟು ಕ್ರೆಡಿಟ್ಟುಗಳನ್ನು ಮಾರದೆ ಆಪತ್ತಿಗೆಂದು ಬೇರೆ ಇಟ್ಟಿರುತ್ತಾರೆ, ನಾವು ಬಿತ್ತನೆ ಬೀಜ ಎತ್ತಿಡುವ ಹಾಗೆ.

4. ಇಲ್ಲಿ ತಡೆದದ್ದು ಪಕ್ಕದಲ್ಲಿ ಹೊರಡುತ್ತಿದೆಯೇ? ಗೋಮಾಳದಲ್ಲಿ ಮರ ನೆಟ್ಟು ಬೇಲಿ ಹಾಕಿದರೆ ಊರಿನ ದನಕರು ಬೇರೆ ಕಾಡಿಗೆ ನುಗ್ಗುತ್ತವೆ. ಆ ನಷ್ಟವನ್ನೂ ಲೆಕ್ಕದಲ್ಲಿ ಕಳೆಯಬೇಕು.

5. ಒಂದೇ ಕ್ರೆಡಿಟ್ ಎರಡು ಸಲ ಮಾರಾಟವಾಗಿದೆಯೇ? ಪ್ರತಿ ಕ್ರೆಡಿಟ್ಟಿಗೂ ಕ್ರಮಸಂಖ್ಯೆ ಇರುತ್ತದೆ. ವೆರಾ, ಗೋಲ್ಡ್ ಸ್ಟ್ಯಾಂಡರ್ಡ್ ಮುಂತಾದ ನೋಂದಣಿ ಸಂಸ್ಥೆಗಳ ಪುಸ್ತಕ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ. ನೀವು ಕೊಂಡ ಮೇಲೆ ಆ ಸಂಖ್ಯೆಯನ್ನು ನಿಮ್ಮ ಹೆಸರಿನಲ್ಲಿ ರದ್ದು ಮಾಡಿಸಬೇಕು. ಸಿನಿಮಾ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿದು ಕೊಡುವಂತೆ ಇದು. ಹರಿಯದ ಟಿಕೆಟ್ಟಿನಲ್ಲಿ ಮತ್ತೊಬ್ಬರು ಒಳಹೋಗಬಹುದು.

6. ಹಣದಲ್ಲಿ ಎಷ್ಟು ಪಾಲು ಹೊಲದವರೆಗೆ ಮುಟ್ಟುತ್ತದೆ? ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯ ಪ್ರಶ್ನೆ. ನೀರು ಹಾಕುವವರಿಗೆ, ಒಲೆ ರಿಪೇರಿ ಮಾಡುವವರಿಗೆ, ಕಾಯುವವರಿಗೆ ವರ್ಷ ವರ್ಷ ಕೂಲಿ ಮುಟ್ಟದಿದ್ದರೆ ಮೊದಲ ಐದು ಪ್ರಶ್ನೆಗೆ ಬಂದ ಒಳ್ಳೆಯ ಉತ್ತರಗಳು ಬಹಳ ದಿನ ಬಾಳುವುದಿಲ್ಲ. ತೀರ ಅಗ್ಗವಾದ ಕ್ರೆಡಿಟ್ ಕಂಡರೆ, ಇದರಲ್ಲಿ ಯಾರ ಕೂಲಿ ಬಿಟ್ಟುಹೋಗಿದೆ ಎಂದು ಯೋಚಿಸಿ.

ರೈತರು ಸಹಿ ಹಾಕುವ ಮುನ್ನ

ರೈತ ಬಾಂಧವರೇ, ಇದೇ ಪ್ರಶ್ನೆಗಳು ನಿಮ್ಮ ಅಂಗಳದಲ್ಲಿ ಬೇರೆ ರೂಪದಲ್ಲಿ ಬರುತ್ತವೆ. ಈ ಕೆಳಗಿನ ಎಚ್ಚರಿಕೆಗಳನ್ನು ಪಾಲಿಸುವುದು ಒಳ್ಳೆಯದು.

ಕರಾರು ಪತ್ರ ಕನ್ನಡದಲ್ಲಿರಲಿ. ಪೂರ್ತಿ ಓದಿ, ಮನೆಯವರಿಗೂ ಓದಿ ಹೇಳಿ, ಒಂದು ಪ್ರತಿಯನ್ನು ನೀವೇ ಇಟ್ಟುಕೊಳ್ಳಿ.

ಅವಧಿ ಎಷ್ಟು ವರ್ಷವೆಂದು ನೋಡಿ. ಇಪ್ಪತ್ತು ಮೂವತ್ತು ವರ್ಷದ ಕರಾರು ನಿಮ್ಮ ಮಕ್ಕಳನ್ನೂ ಕಟ್ಟಿಹಾಕುತ್ತದೆ. ಆ ಅವಧಿಯಲ್ಲಿ ಜಮೀನು ಮಾರಲು, ಭಾಗ ಮಾಡಲು, ಬೆಳೆ ಬದಲಿಸಲು, ಮರ ಕಡಿಯಲು, ಬ್ಯಾಂಕಿನ ಸಾಲಕ್ಕೆ ಅಡವಿಡಲು ಅಡ್ಡಿ ಇದೆಯೇ ಎಂದು ಸ್ಪಷ್ಟ ಮಾಡಿಕೊಳ್ಳಿ.

ಬರ ಬಂದು ಮರ ಸತ್ತರೆ, ಕೊಳವೆ ಬಾವಿ ಬತ್ತಿದರೆ ಹೊಣೆ ಯಾರದು? ಪಡೆದ ಹಣ ಹಿಂದಿರುಗಿಸಬೇಕೇ? ಗುಡಿಬಂಡೆಯಲ್ಲಿ ವಿವಾದ ಎದ್ದದ್ದು ಈ ಒಂದು ವಿಷಯದಲ್ಲಿಯೇ. ಇದು ಬರವಣಿಗೆಯಲ್ಲಿರಲೇಬೇಕು.

ನಿಮ್ಮ ಪಾಲು ಯಾವುದರ ಮೇಲೆ? ಮಾರಾಟದ ಒಟ್ಟು ಹಣದ ಮೇಲೋ, ಅಳತೆ, ತಪಾಸಣೆ, ನೋಂದಣಿ ಖರ್ಚು ಕಳೆದು ಉಳಿದದ್ದರ ಮೇಲೋ? ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮೊದಲ ಕಂತು ಯಾವ ವರ್ಷ ಬರುತ್ತದೆಂದೂ ಕೇಳಿ.

ಒಂದೇ ಸರ್ವೆ ನಂಬರನ್ನು ಇಬ್ಬರಿಗೆ ಬರೆದುಕೊಡಬೇಡಿ. ಸೇರಿಸಿಕೊಳ್ಳಲು ಮುಂಗಡ ಹಣ ಕೇಳಿದರೆ ಕೊಡಬೇಡಿ. ಮೂಲ ದಾಖಲೆಗಳನ್ನಾಗಲಿ, ಫೋನಿಗೆ ಬರುವ ಓಟಿಪಿ ಸಂಖ್ಯೆಯನ್ನಾಗಲಿ ಯಾರ ಕೈಗೂ ಕೊಡಬೇಡಿ.

ಒಬ್ಬರೇ ಹೋಗಬೇಡಿ. ಎರಡು ಎಕರೆ ರೈತನೊಬ್ಬನ ಇಂಗಾಲ ಅಳೆಯುವ ಖರ್ಚೇ ಅದರ ಬೆಲೆಯನ್ನು ಮೀರುತ್ತದೆ. ಸಂಘದ ಮೂಲಕವೋ ರೈತ ಉತ್ಪಾದಕರ ಸಂಸ್ಥೆಯ ಮೂಲಕವೋ ಹೋದರೆ ಖರ್ಚು ಹಂಚಿಹೋಗುತ್ತದೆ, ಚೌಕಾಶಿ ಮಾಡುವ ಶಕ್ತಿಯೂ ಬರುತ್ತದೆ. ಬಾಗೇಪಲ್ಲಿಯಲ್ಲಿ ಸಂಘ ಮೊದಲು ಹುಟ್ಟಿತು, ಕ್ರೆಡಿಟ್ ಆಮೇಲೆ ಬಂತು ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಬನ್ ಹಣವನ್ನು ಬೆಳೆಯ ಆದಾಯಕ್ಕೆ ಬದಲಿ ಎಂದು ಎಣಿಸಬೇಡಿ. ಬದುವಿನ ಮೇಲೆ ಹುಣಸೆ, ಬೇವು, ಸಿಲ್ವರ್ ಓಕ್ ಬೆಳೆಸುವುದು, ಬಗ್ಗಡ ಮತ್ತು ಹಸಿರೆಲೆ ಗೊಬ್ಬರ ಬಳಸುವುದು ನಿಮ್ಮ ಹೊಲಕ್ಕೆ ತಾನಾಗಿಯೇ ಒಳ್ಳೆಯದು. ಕ್ರೆಡಿಟ್ ಹಣ ಬಂದರೆ ಮೇಲಿನ ಲಾಭ. ಅದು ಬಾರದಿದ್ದರೆ ನಷ್ಟವಾಗುವಂತಹ ಕೆಲಸಕ್ಕೆ ಕೈ ಹಾಕದಿರುವುದು ಲೇಸು.

ಸರ್ಕಾರದ ಕ್ರಮಗಳು

ಕೇಂದ್ರ ಸರ್ಕಾರವು 2022ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿ ತಂದು, 2023ರ ಜೂನ್ ತಿಂಗಳಿನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಪ್ರಕಟಿಸಿತು. ಇಂಧನ ದಕ್ಷತಾ ಬ್ಯೂರೋ ಇದರ ಆಡಳಿತ ನೋಡುತ್ತದೆ. 2024ರ ಜನವರಿಯಲ್ಲಿ ಕೃಷಿ ಸಚಿವಾಲಯವು ಸಣ್ಣ ಮತ್ತು ಮಧ್ಯಮ ರೈತರನ್ನು ಗಮನದಲ್ಲಿಟ್ಟು ಕೃಷಿ ಕ್ಷೇತ್ರದ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಗೆ ಒಂದು ಚೌಕಟ್ಟನ್ನು ಹೊರತಂದಿತು. 2023ರ ಅಕ್ಟೋಬರಿನಲ್ಲಿ ಬಂದ ಗ್ರೀನ್ ಕ್ರೆಡಿಟ್ ಕಾರ್ಯಕ್ರಮ ಇದಕ್ಕಿಂತ ಬೇರೆ. ಹೆಸರು ಹತ್ತಿರವಿರುವುದರಿಂದ ಎರಡನ್ನೂ ಬೆರೆಸಿ ಹೇಳುವ ಏಜೆಂಟರಿದ್ದಾರೆ, ಮೋಸ ಹೋಗಬಾರದು. ವಿಸ್ತರಣಾ ಕಾರ್ಯಕರ್ತರು ತಮ್ಮ ಹೋಬಳಿಯಲ್ಲಿ ಇಂಥ ಕರಾರುಗಳು ಬಂದಾಗ ಒಂದು ಪ್ರತಿ ತರಿಸಿ ಓದಿ, ರೈತರೊಂದಿಗೆ ಕುಳಿತು ವಿವರಿಸುವುದು ಅವಶ್ಯಕ.

ಕೊನೆಯ ಮಾತು

ಈ ಸಭೆಗೆ ಬರುವ ದಾರಿಯಲ್ಲಿ ನಿಮ್ಮ ಪುಟ್ಟೇನಹಳ್ಳಿ ಕೆರೆಯನ್ನು ನೋಡಿದೆ. ಸುಮಾರು 13 ಎಕರೆಯ ಸಣ್ಣ ಕೆರೆ. ಒಂದು ಕಾಲಕ್ಕೆ ಬತ್ತಿ, ಕಸ ತುಂಬಿ, ಅಂಚಿನಲ್ಲಿ ಒತ್ತುವರಿಯಾಗಿದ್ದ ಇದನ್ನು ಉಳಿಸಲು ಇಲ್ಲಿಯ ನಿವಾಸಿಗಳು 2010ರಲ್ಲಿ ಪುಟ್ಟೇನಹಳ್ಳಿ ನೈಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿದರು. 2011ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಿರ್ವಹಣೆಯನ್ನು ಈ ಟ್ರಸ್ಟಿಗೆ ವಹಿಸಿತು. ಹೂಳೆತ್ತಿ ಏರಿ ಕಟ್ಟಿದ್ದು ಒಂದು ಸಲದ ಕೆಲಸ. ಆಮೇಲೆ ಕಳೆ ಕೀಳುವುದು, ಕಸ ಎತ್ತುವುದು, ಗಿಡಕ್ಕೆ ನೀರು ಹಾಕುವುದು, ಕೆರೆಗೆ ನೀರು ಬರುವ ದಾರಿ ನೋಡಿಕೊಳ್ಳುವುದು ಪ್ರತಿದಿನದ ಕೆಲಸ. ಕೆರೆಯಲ್ಲಿ ಇಂದು ಹಕ್ಕಿಗಳಿದ್ದರೆ ಅದು ಈ ಎರಡನೆಯ ಕೆಲಸದಿಂದ. ಅದಕ್ಕೆ ಕೂಲಿ ಕೊಡಲು ವರ್ಷ ವರ್ಷ ಹಣ ಕೂಡಿಸುವ ಕಷ್ಟ ನಿಮಗೇ ಗೊತ್ತಿದೆ.

ಆದ್ದರಿಂದ ನಿಮಗೆ ಬೇರೆ ಪಾಠ ಬೇಕಾಗಿಲ್ಲ. ಮೊದಲು ಮನೆಯ ವಿದ್ಯುತ್ತು, ಪೆಟ್ರೋಲ್, ಪ್ರಯಾಣ ಇವುಗಳಲ್ಲಿ ಕಡಿಮೆ ಮಾಡಬಹುದಾದಷ್ಟನ್ನು ಕಡಿಮೆ ಮಾಡಿ. ಆ ಒಂದು ಕ್ರೆಡಿಟ್ಟಿನ ಬಗ್ಗೆ ಯಾರಿಗೂ ಅನುಮಾನವಿರುವುದಿಲ್ಲ. ಉಳಿದದ್ದಕ್ಕೆ ಹಣ ಕೊಡುವಾಗ, ನಿಮ್ಮ ಕೆರೆಗೆ ಕೇಳುವ ಪ್ರಶ್ನೆಯನ್ನೇ ದೂರದ ಹೊಲಕ್ಕೂ ಕೇಳಿ: ಮುಂದಿನ ಬೇಸಿಗೆಯಲ್ಲಿ ಇದನ್ನು ನೋಡಿಕೊಳ್ಳುವವರು ಯಾರು, ಅವರ ಕೂಲಿ ಎಲ್ಲಿಂದ ಬರುತ್ತದೆ? ಸರಿಯಾದ ಉತ್ತರ ಸಿಕ್ಕಿದ ಕಡೆ ಕೊಳ್ಳಿ. ರೈತರೂ ಆ ಉತ್ತರ ಕಾಗದದ ಮೇಲೆ ಇದ್ದಾಗ ಮಾತ್ರ ಸಹಿ ಹಾಕಿ.